ಮುಟ್ಟು ನಿಲ್ಲಿಸೋ ಮಾತ್ರೆ: ನೊರೆಥಿಸ್ಟೆರಾನ್ ಬಗ್ಗೆ ನಾವು ತಿಳಿದಿರಲೇಬೇಕಾದ ಸಂಗತಿಗಳು

ಮೆಡಿಕಲ್ ಶಾಪ್‌ನಲ್ಲಿ ಈ ಮಾತ್ರೆಗೆ ಹೆಸರೇ ಬೇಕಿಲ್ಲ. ‘ಡೇಟ್ ಮುಂದಕ್ಕೆ ಹಾಕೋದು ಕೊಡಿ’ ಅಂದ್ರೆ ಸಾಕು, ಹಳೇ ಪೇಪರ್‌ನಲ್ಲಿ ಸುತ್ತಿ ಕೈಗಿಡ್ತಾರೆ. ವರಮಹಾಲಕ್ಷ್ಮಿ ಹಬ್ಬ, ಗೃಹಪ್ರವೇಶ, ಅಕ್ಕನ ಮದುವೆ, ಧರ್ಮಸ್ಥಳ ಪ್ರವಾಸ, ಯಾವುದಕ್ಕಾದ್ರೂ ಸರಿ. ಇದೇ ಮಾತ್ರೆಯನ್ನು ಸ್ತ್ರೀರೋಗ ತಜ್ಞರು ಹದಿನೈದು ದಿನದಿಂದ ರಕ್ತಸ್ರಾವ ನಿಲ್ಲದ ಹುಡುಗಿಗೆ, ಎಂಡೊಮೆಟ್ರಿಯೋಸಿಸ್ ನೋವಿನಿಂದ ಕಾಲೇಜು ಬಿಡುವ ಹಂತಕ್ಕೆ ಬಂದವಳಿಗೆ ಚಿಕಿತ್ಸೆಯಾಗಿ ಬರೆದುಕೊಡುತ್ತಾರೆ. ಔಷಧಿಯ ಹೆಸರು ನೊರೆಥಿಸ್ಟೆರಾನ್. ಅಂಗಡಿಯಲ್ಲಿ ಪ್ರಿಮೊಲುಟ್-ಎನ್, ರೆಜೆಸ್ಟ್ರಾನ್ ಮುಂತಾದ ಹೆಸರಲ್ಲಿ ಸಿಗುವ 5 ಮಿಲಿಗ್ರಾಂ ಮಾತ್ರೆ.

ನಾನು ಡಾಕ್ಟರ್ ಅಲ್ಲ. ವಿಪರೀತ ರಕ್ತಸ್ರಾವಕ್ಕೆ ಈ ಮಾತ್ರೆಯನ್ನು ಕೋರ್ಸ್‌ ಮೇಲೆ ಕೋರ್ಸ್ ತಗೊಂಡವಳು, ಆಮೇಲೆ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದವಳು. ನನ್ನ ಚೀಟಿಯಲ್ಲಿ ಬರೆದಿದ್ದು ‘1-1-1, 10 ದಿನ’ ಅಂತ ಮಾತ್ರ. ಆ ಮೂರು ಒಂದುಗಳ ಹಿಂದೆ ಏನೇನಿದೆ ಅಂತ ಯಾರೂ ಕೂತು ಹೇಳಲಿಲ್ಲ. ಈ ಬರಹ ಡಾಕ್ಟರ ಬದಲಿಗೆ ಅಲ್ಲ. ಡಾಕ್ಟರ ಎದುರು ಕೂತಾಗ ಸರಿಯಾದ ಪ್ರಶ್ನೆ ಕೇಳೋದಕ್ಕೆ.

ದೇಹದೊಳಗೆ ಇದು ಮಾಡೋದೇನು

ಪ್ರತಿ ತಿಂಗಳು ಈಸ್ಟ್ರೋಜನ್ ಗರ್ಭಕೋಶದ ಒಳಪದರವನ್ನು ಬೆಳೆಸುತ್ತದೆ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟೆರಾನ್ ಬಂದು ಆ ಪದರವನ್ನು ಗಟ್ಟಿಯಾಗಿ ಹಿಡಿದಿಡುತ್ತದೆ. ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟೆರಾನ್ ಇಳಿಯುತ್ತದೆ, ಪದರ ಕಳಚುತ್ತದೆ, ಮುಟ್ಟಾಗುತ್ತದೆ. ಕೆಲವು ತಿಂಗಳು ಅಂಡ ಬಿಡುಗಡೆಯೇ ಆಗೋದಿಲ್ಲ. ಮುಟ್ಟು ಶುರುವಾದ ಮೊದಲ ವರ್ಷಗಳಲ್ಲಿ, ಪಿಸಿಓಎಸ್ ಇದ್ದವರಲ್ಲಿ, ನಲವತ್ತು ದಾಟಿದ ಮೇಲೆ ಇದು ಮಾಮೂಲು. ಆಗ ಹಿಡಿದಿಡುವ ಪ್ರೊಜೆಸ್ಟೆರಾನ್ ಇರೋದಿಲ್ಲ. ಪದರ ದಪ್ಪ ಬೆಳೆದು, ಇಲ್ಲಿ ಸ್ವಲ್ಪ ಅಲ್ಲಿ ಸ್ವಲ್ಪ ಉದುರುತ್ತಾ ದಿನಗಟ್ಟಲೆ ರಕ್ತ ಹೋಗ್ತಾ ಇರುತ್ತದೆ.

ನೊರೆಥಿಸ್ಟೆರಾನ್ ಕೃತಕ ಪ್ರೊಜೆಸ್ಟೋಜನ್. ಇಲ್ಲದ ಪ್ರೊಜೆಸ್ಟೆರಾನ್ ಕೆಲಸವನ್ನು ಇದು ಮಾಡುತ್ತದೆ, ಪದರ ನಿಲ್ಲುತ್ತದೆ, ರಕ್ತ ನಿಲ್ಲುತ್ತದೆ. ಸಾಮಾನ್ಯವಾಗಿ ಒಂದರಿಂದ ಮೂರು ದಿನದೊಳಗೆ. ಮಾತ್ರೆ ಮುಗಿದ ಎರಡರಿಂದ ನಾಲ್ಕು ದಿನಕ್ಕೆ ಮತ್ತೆ ರಕ್ತ ಹೋಗುತ್ತದೆ. ಈ ಒಂದು ವಾಕ್ಯವನ್ನು ಡಾಕ್ಟರ್ ಹೇಳದೇ ಇದ್ದದ್ದರಿಂದ ಎಷ್ಟು ಜನ ‘ಮಾತ್ರೆ ಕೆಲಸ ಮಾಡಲಿಲ್ಲ’ ಅಂತ ಅಂಗಡಿಗೆ ಓಡಿ ಇನ್ನೊಂದು ಪಟ್ಟಿ ತಂದು ನುಂಗಿದ್ದಾರೋ. ಅದು ಮಾತ್ರೆ ಸೋತಿದ್ದಲ್ಲ. ಹಿಡಿದಿಟ್ಟ ಪದರ ಒಟ್ಟಿಗೆ ಕಳಚೋದು, ಆಗಲೇಬೇಕಾದ್ದು. ಮಾಮೂಲಿ ಮುಟ್ಟಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ಆದರೆ ಗಂಟೆಗೊಂದು ಪ್ಯಾಡ್ ತೋಯುವಷ್ಟು ಹೋದರೆ, ತಲೆ ಸುತ್ತಿದರೆ, ವಾರ ದಾಟಿದರೆ ಮತ್ತೆ ತೋರಿಸಬೇಕು.

ಈ ಅಣುವಿನ ರಾಜಕೀಯ ಚರಿತ್ರೆ

ಸ್ವಲ್ಪ ಹಿಂದಕ್ಕೆ ಹೋಗೋಣ, ಯಾಕಂದ್ರೆ ಇದು ಬರೀ ವೈದ್ಯಕೀಯ ಕತೆ ಅಲ್ಲ. 1951ರ ಅಕ್ಟೋಬರ್ 15ರಂದು ಮೆಕ್ಸಿಕೋ ನಗರದ ಸಿಂಟೆಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ಲೂಯಿಸ್ ಮಿರಾಮೋಂಟೆಸ್ ಎಂಬ 26 ವರ್ಷದ ರಸಾಯನಶಾಸ್ತ್ರಜ್ಞ ಇದನ್ನು ಮೊದಲ ಸಲ ತಯಾರಿಸಿದರು. ಕಾರ್ಲ್ ಜೆರಾಸ್ಸಿ ಮತ್ತು ಜಾರ್ಜ್ ರೋಸೆನ್‌ಕ್ರಾಂಜ್ ಅವರ ತಂಡದ ಕೆಲಸ ಅದು. ಆ ಕಾಲದಲ್ಲಿ ಸಿಂಟೆಕ್ಸ್‌ನ ಹಾರ್ಮೋನ್‌ಗಳಿಗೆ ಕಚ್ಚಾವಸ್ತು ಬರುತ್ತಿದ್ದದ್ದು ಮೆಕ್ಸಿಕೋದ ಕಾಡಿನ ಗೆಣಸಿನಿಂದ. 1957ರಲ್ಲಿ ಅಮೆರಿಕ ಇದಕ್ಕೆ ಅನುಮತಿ ಕೊಟ್ಟದ್ದು ಮುಟ್ಟಿನ ತೊಂದರೆಗಳ ಔಷಧಿಯಾಗಿ. ಗರ್ಭನಿರೋಧಕ ಗುಳಿಗೆಯ ಭಾಗವಾದದ್ದು ಆಮೇಲೆ.

ಭಾರತದಲ್ಲಿ ಈ ಕುಟುಂಬದ ಔಷಧಿಗಳ ಜೊತೆ ಮಹಿಳಾ ಚಳವಳಿಗೆ ದೊಡ್ಡ ಜಗಳವೇ ನಡೆದಿದೆ. 1986ರಲ್ಲಿ ಹೈದರಾಬಾದಿನ ಸ್ತ್ರೀಶಕ್ತಿ ಸಂಘಟನ ಮತ್ತು ಇತರರು ಸುಪ್ರೀಂ ಕೋರ್ಟಿಗೆ ಹೋದದ್ದು ನೆಟ್-ಎನ್ ಎಂಬ ಗರ್ಭನಿರೋಧಕ ಇಂಜೆಕ್ಷನ್ ಪ್ರಯೋಗದ ವಿರುದ್ಧ. ಬಡ ಹೆಂಗಸರಿಗೆ ಸರಿಯಾಗಿ ತಿಳಿಸದೆ, ಒಪ್ಪಿಗೆಯ ಅರ್ಥವೇ ಗೊತ್ತಾಗದ ರೀತಿಯಲ್ಲಿ ಅದನ್ನು ಕೊಡಲಾಗ್ತಿದೆ ಅನ್ನೋದು ಅವರ ತಕರಾರು. ನೆಟ್-ಎನ್ ಅಂದರೆ ನೊರೆಥಿಸ್ಟೆರಾನ್ ಎನಾಂಥೇಟ್, ಇದೇ ಅಣುವಿನ ಇನ್ನೊಂದು ರೂಪ. ಅದೇ ದಶಕದಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟೋಜನ್ ಎರಡನ್ನೂ ಹೆಚ್ಚಿನ ಪ್ರಮಾಣದಲ್ಲಿ ಬೆರೆಸಿದ ‘ಇ.ಪಿ.’ ಔಷಧಿಗಳು ಬಸಿರಿದ್ದೀಯೋ ಇಲ್ಲವೋ ಅಂತ ಪರೀಕ್ಷಿಸೋಕೆ, ಬಸಿರು ಇಳಿಸೋಕೆ ಅಂತ ಅಂಗಡಿಗಳಲ್ಲಿ ಮಾರಾಟವಾಗ್ತಿದ್ದವು. ಭ್ರೂಣಕ್ಕೆ ಹಾನಿಯಾಗುವ ಆತಂಕ ಇದ್ದರೂ ಕಂಪನಿಗಳು ಬಿಡಲಿಲ್ಲ. ಮಹಿಳಾ ಸಂಘಟನೆಗಳು, ಜನಪರ ವೈದ್ಯರು ವರ್ಷಗಟ್ಟಲೆ ಹೋರಾಡಿದ ಮೇಲೆ 1988ರಲ್ಲಿ ಅವು ನಿಷೇಧವಾದವು.

ಆ ಹೋರಾಟಗಾರ್ತಿಯರು ‘ಹಾರ್ಮೋನ್ ಅಂದ್ರೆ ವಿಷ’ ಅಂದವರಲ್ಲ. ಮಾಹಿತಿ ಕೊಡಿ, ಆಯ್ಕೆ ನಮಗೆ ಬಿಡಿ ಅಂದವರು. ಇವತ್ತು ಇನ್‌ಸ್ಟಾಗ್ರಾಂನಲ್ಲಿ ‘ಹಾರ್ಮೋನ್ ಮಾತ್ರೆ ಮುಟ್ಟಲೇಬೇಡಿ, ಅಗಸೆ ಬೀಜ ತಿನ್ನಿ’ ಅನ್ನೋರನ್ನೂ ‘ಏನೂ ಆಗಲ್ಲ, ತಗೊಳ್ಳಿ’ ಅನ್ನೋ ಅಂಗಡಿಯವರನ್ನೂ ನೋಡಿದಾಗ ಆ ವ್ಯತ್ಯಾಸ ನನಗೆ ಮುಖ್ಯ ಅನ್ನಿಸುತ್ತೆ.

ತಗೊಳ್ಳೋ ಮುಂಚೆ

ಮೊದಲನೆಯದು, ಬಸಿರಿಲ್ಲ ಅಂತ ಖಚಿತವಾಗಬೇಕು. ಮುಟ್ಟು ತಪ್ಪಿದೆ ಅಂತ ‘ಮುಟ್ಟು ಬರಿಸೋ ಮಾತ್ರೆ’ಯಾಗಿ ಇದನ್ನು ನುಂಗುವವರಿದ್ದಾರೆ. ಇದು ಗರ್ಭಪಾತದ ಮಾತ್ರೆ ಅಲ್ಲ, ಬಸಿರಿದ್ದರೆ ತಗೊಳ್ಳಲೂಬಾರದು. ಮೂತ್ರ ಪರೀಕ್ಷೆಯ ಕಿಟ್ ಹತ್ತಿರದ ಅಂಗಡಿಯಲ್ಲೇ ಸಿಗುತ್ತದೆ. ಡಾಕ್ಟರ್ ‘ಮದುವೆ ಆಗಿದ್ಯಾ?’ ಅಂತ ಕೇಳಿದಾಗ ಅವರಿಗೆ ನಿಜವಾಗಿ ಬೇಕಿರೋ ಉತ್ತರ ಬೇರೆ. ಲೈಂಗಿಕ ಸಂಪರ್ಕ ಆಗಿದೆಯಾ, ಬಸಿರಿನ ಸಾಧ್ಯತೆ ಇದೆಯಾ ಅನ್ನೋದು. ತಾಳಿಯ ಮರ್ಯಾದೆಗೆ ಸುತ್ತಿಬಂದ ಈ ಪ್ರಶ್ನೆಗೆ ‘ಇಲ್ಲ’ ಅಂತ ಉತ್ತರಿಸಿ ಎದ್ದು ಬಂದರೆ ಬೇಕಿದ್ದ ಮಾಹಿತಿ ಅವರಿಗೆ ಸಿಗೋದೇ ಇಲ್ಲ. ಜೊತೆಗೆ ಬಂದ ಅಮ್ಮನನ್ನು ಎರಡು ನಿಮಿಷ ಹೊರಗೆ ಕೂರಲು ಹೇಳಿ ಅಂತ ಡಾಕ್ಟರನ್ನು ಕೇಳಬಹುದು, ಕೇಳಬೇಕು.

ಎರಡನೆಯದು, ರಕ್ತ ಯಾಕೆ ಹೋಗ್ತಿದೆ ಅಂತ ಗೊತ್ತಾಗಬೇಕು. ಫೈಬ್ರಾಯ್ಡ್, ಪಾಲಿಪ್, ಅಡೆನೊಮಯೋಸಿಸ್, ಥೈರಾಯ್ಡ್ ತೊಂದರೆ ಇರಬಹುದು. ಹದಿಹರೆಯದಲ್ಲಿ ಮೊದಲ ಮುಟ್ಟಿನಿಂದಲೇ ವಿಪರೀತ ಹೋಗ್ತಿದ್ದರೆ, ಹಲ್ಲು ಕೀಳಿಸಿದಾಗಲೂ ರಕ್ತ ನಿಲ್ಲದಿದ್ದರೆ, ರಕ್ತ ಹೆಪ್ಪುಗಟ್ಟುವುದರಲ್ಲೇ ಹುಟ್ಟಿನಿಂದ ಬಂದ ದೋಷ ಇರಬಹುದು. 45 ದಾಟಿದವರಲ್ಲಿ ಗರ್ಭಕೋಶದ ಪದರದ ತುಣುಕು ತೆಗೆದು ಪರೀಕ್ಷೆ ಮಾಡಿಸುವ ಅಗತ್ಯವನ್ನು ಡಾಕ್ಟರ್ ನೋಡುತ್ತಾರೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಈ ಮಾತ್ರೆ ನುಂಗಿ ಮುಚ್ಚಿಡುವಂತಿಲ್ಲ, ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಆಗಬೇಕು. ನಿಮಗಲ್ಲ, ಮನೆಯಲ್ಲಿರೋ ಅಮ್ಮ, ದೊಡ್ಡಮ್ಮಂದಿರಿಗೆ ಈ ಮಾತು.

ಮೂರನೆಯದು ನನ್ನ ಪ್ರಕಾರ ಅತಿ ಮುಖ್ಯ, ಅತಿ ಕಡಿಮೆ ಚರ್ಚೆಯಾಗಿರೋದು. ನೊರೆಥಿಸ್ಟೆರಾನ್ ಬರೀ ಪ್ರೊಜೆಸ್ಟೋಜನ್, ಆದ್ದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಇಲ್ಲ ಅಂತ ಬಹಳ ಜನ ನಂಬಿದ್ದಾರೆ. ಸಣ್ಣ ಪ್ರಮಾಣದಲ್ಲಿ, ಅಂದರೆ ಗರ್ಭನಿರೋಧಕ ಮಿನಿ-ಪಿಲ್‌ನಲ್ಲಿರುವ 0.35 ಮಿಲಿಗ್ರಾಂನಲ್ಲಿ, ಅದು ಹೆಚ್ಚುಕಡಿಮೆ ನಿಜ. ಆದರೆ ಚಿಕಿತ್ಸೆಗೆ ಕೊಡುವ ಪ್ರಮಾಣದಲ್ಲಿ ಇದರ ಒಂದು ಅಂಶ ದೇಹದೊಳಗೆ ಎಥಿನೈಲ್ ಈಸ್ಟ್ರಡಿಯಾಲ್ ಎಂಬ ಈಸ್ಟ್ರೋಜನ್ ಆಗಿ ಬದಲಾಗುತ್ತದೆ. ದಿನಕ್ಕೆ 10ರಿಂದ 20 ಮಿಲಿಗ್ರಾಂ ತಗೊಂಡರೆ, ಅದು 20ರಿಂದ 30 ಮೈಕ್ರೋಗ್ರಾಂ ಈಸ್ಟ್ರೋಜನ್ ಇರುವ ಸಂಯುಕ್ತ ಗರ್ಭನಿರೋಧಕ ಮಾತ್ರೆ ನುಂಗಿದ್ದಕ್ಕೆ ಸಮ. ‘1-1-1’ ಅಂದರೆ 15 ಮಿಲಿಗ್ರಾಂ. ಲೆಕ್ಕ ನೀವೇ ಹಾಕಿ.

ಹೆದರಬೇಕಾ? ಅಂಕಿ ನೋಡಿ. ಹಾರ್ಮೋನ್ ತಗೊಳ್ಳದ, ಬಸಿರಿಲ್ಲದ 10,000 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 2 ಜನರಿಗೆ ರಕ್ತನಾಳದಲ್ಲಿ ಹೆಪ್ಪು ಕಟ್ಟುತ್ತದೆ. ಸಂಯುಕ್ತ ಗರ್ಭನಿರೋಧಕ ಮಾತ್ರೆ ತಗೊಳ್ಳುವವರಲ್ಲಿ, ಮಾತ್ರೆಯ ಬಗೆ ನೋಡಿಕೊಂಡು, 5ರಿಂದ 12 ಜನರಿಗೆ. ಬಹುಪಾಲು ಹೆಂಗಸರಿಗೆ ಏನೂ ಆಗೋದಿಲ್ಲ. ಆದರೆ ಆ ಕೆಲವರು ಯಾರಾಗಬಹುದು ಅನ್ನೋದನ್ನು ಮೊದಲೇ ಊಹಿಸಲು ದಾರಿ ಇದೆ, ಅದಕ್ಕೇ ಡಾಕ್ಟರ್ ಬೇಕಿರೋದು. ನಿಮಗೆ ಹಿಂದೆ ಕಾಲಿನಲ್ಲಿ ಅಥವಾ ಶ್ವಾಸಕೋಶದಲ್ಲಿ ಹೆಪ್ಪುಗಟ್ಟಿತ್ತಾ? ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಚಿಕ್ಕ ವಯಸ್ಸಲ್ಲೇ ಹಾಗಾಗಿತ್ತಾ? ಪಾರ್ಶ್ವವಾಯು, ಹೃದಯಾಘಾತ? ಕಣ್ಣ ಮುಂದೆ ಮಿಂಚು, ಅಂಕುಡೊಂಕು ಗೆರೆ ಕಂಡು ಆಮೇಲೆ ಶುರುವಾಗುವ ಮೈಗ್ರೇನ್? ಯಕೃತ್ತಿನ ಗಂಭೀರ ಕಾಯಿಲೆ, ಬಸಿರಲ್ಲಿ ಬಂದ ಕಾಮಾಲೆ? ಸ್ತನ ಕ್ಯಾನ್ಸರ್? ಇವುಗಳಲ್ಲಿ ಒಂದಿದ್ದರೂ ಹೇಳಲೇಬೇಕು, ಬೇರೆ ಔಷಧಿ ನೋಡಬೇಕಾಗಬಹುದು. ಬಿ.ಪಿ., ಹೆಚ್ಚು ತೂಕ, 35 ದಾಟಿದ ಮೇಲೂ ಸಿಗರೇಟು, ಇತ್ತೀಚೆಗೆ ಆದ ಆಪರೇಷನ್, ಪ್ಲಾಸ್ಟರ್ ಹಾಕಿ ಮಲಗಿದ್ದು, ಇವೂ ಹೇಳಬೇಕಾದ್ದೇ. ಹೆಪ್ಪಿನ ಅಪಾಯ ಇರುವವರಿಗೆ, ಈಸ್ಟ್ರೋಜನ್ ಆಗಿ ಬದಲಾಗದ ಮೆಡ್ರಾಕ್ಸಿಪ್ರೊಜೆಸ್ಟೆರಾನ್‌ನಂಥ ಇನ್ನೊಂದು ಪ್ರೊಜೆಸ್ಟೋಜನ್ ಬಗ್ಗೆ ಡಾಕ್ಟರನ್ನು ಕೇಳಬಹುದು.

ಬೇರೆ ಮಾತ್ರೆಗಳ ಪಟ್ಟಿಯನ್ನೂ ತೋರಿಸಿ. ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಇವು ನೊರೆಥಿಸ್ಟೆರಾನ್ ಅನ್ನು ದೇಹದಿಂದ ಬೇಗ ಹೊರಹಾಕಿ ಅದರ ಕೆಲಸ ಕೆಡಿಸುತ್ತವೆ. ಟಿಬಿಯೂ ಮುಟ್ಟಿನ ತೊಂದರೆಯೂ ಒಟ್ಟಿಗೆ ಇರುವ ಹೆಂಗಸರು ನಮ್ಮಲ್ಲಿ ಅಪರೂಪವೇನಲ್ಲ. ರಕ್ತ ಕಡಿಮೆ ಮಾಡಲು ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆಯನ್ನೂ ಬರೆಯುತ್ತಾರೆ. ಡಾಕ್ಟರೇ ನೋಡಿ ಎರಡನ್ನೂ ಕೊಟ್ಟರೆ ಬೇರೆ ಮಾತು. ಹಳೇ ಪಟ್ಟಿಯಲ್ಲಿ ಉಳಿದಿದೆ ಅಂತ ನೀವೇ ಎರಡನ್ನೂ ಸೇರಿಸಿ ನುಂಗಬೇಡಿ. ಅದೂ ಹೆಪ್ಪು ಕರಗದಂತೆ ತಡೆಯುವ ಔಷಧಿಯೇ.

ತಗೊಳ್ಳುವಾಗ

ರಕ್ತಸ್ರಾವಕ್ಕೆ ಸಾಮಾನ್ಯವಾಗಿ ಕೊಡೋದು 5 ಮಿಲಿಗ್ರಾಂ ದಿನಕ್ಕೆ ಮೂರು ಸಲ, 10 ದಿನ. ಮತ್ತೆ ಬರದಂತೆ ಮುಂದಿನ ತಿಂಗಳುಗಳಲ್ಲಿ ಮುಟ್ಟಿನ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಬೇರೆ ಲೆಕ್ಕ ಕೊಡಬಹುದು. ಎಂಡೊಮೆಟ್ರಿಯೋಸಿಸ್‌ಗೆ ತಿಂಗಳುಗಟ್ಟಲೆ ಬಿಡದೆ ತಗೊಳ್ಳಬೇಕು. ನಿಮ್ಮ ಗೆಳತಿಯ ಲೆಕ್ಕ ನಿಮ್ಮದಲ್ಲ. ದಿನಕ್ಕೆ ಮೂರು ಅಂದರೆ ತಿಂಡಿ, ಊಟ, ಊಟ ಅಲ್ಲ, ಹೆಚ್ಚುಕಡಿಮೆ ಎಂಟು ಗಂಟೆಗೊಮ್ಮೆ. ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 10 ಅಂತ ನಾನು ಮೊಬೈಲಲ್ಲಿ ಅಲಾರಂ ಇಟ್ಟಿದ್ದೆ. ಗಾರ್ಮೆಂಟ್ಸ್ ಲೈನಿನಲ್ಲಿ ಕೂತವಳಿಗೆ ಮಧ್ಯಾಹ್ನ ಎರಡಕ್ಕೆ ನೀರು ಕುಡಿಯಲು ಏಳೋದೂ ಕಷ್ಟ ಅನ್ನೋದು ಗೊತ್ತು. ಶಿಫ್ಟ್ ಹೇಗಿದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ, ಅದಕ್ಕೆ ಹೊಂದುವ ಸಮಯ ಕೇಳಿ.

ಒಂದು ಮರೆತರೆ ನೆನಪಾದ ಕೂಡಲೇ ಒಂದು ತಗೊಂಡು, ಮುಂದಿನದನ್ನು ಮಾಮೂಲಿ ಸಮಯಕ್ಕೆ ತಗೊಳ್ಳಿ. ತಪ್ಪಿದ್ದಕ್ಕೆ ಪರಿಹಾರ ಅಂತ ಎರಡು ಒಟ್ಟಿಗೆ ಬೇಡ. ನಡುವೆ ಬಿಟ್ಟರೆ ಚುಕ್ಕೆ ರಕ್ತ ಕಾಣಬಹುದು.

ವಾಕರಿಕೆ, ಹೊಟ್ಟೆ ಉಬ್ಬರ, ಎದೆ ನೋವು ಅಂದರೆ ಸ್ತನಗಳ ನೋವು, ತಲೆನೋವು, ಮೊಡವೆ ಇವೆಲ್ಲ ಆಗಬಹುದು. ನನಗೆ ಆದದ್ದು ಊದಿಕೊಂಡ ಹೊಟ್ಟೆ ಮತ್ತು ಕಾರಣವಿಲ್ಲದ ಸಿಡುಕು. ಮನಸ್ಸು ಕುಸಿಯೋದನ್ನು ‘ಹಾರ್ಮೋನ್ ಅಲ್ವಾ’ ಅಂತ ತಳ್ಳಿಹಾಕಬೇಡಿ. ಹಿಂದೆ ಖಿನ್ನತೆ ಇದ್ದವರು ಮೊದಲೇ ಹೇಳಿ. ದಿನದಿಂದ ದಿನಕ್ಕೆ ಮಂಕಾದರೆ, ಬದುಕೇ ಬೇಡ ಅನ್ನಿಸಿದರೆ, ಅದು ಕೋರ್ಸ್ ಮುಗಿಯಲಿ ಅಂತ ಕಾಯುವ ವಿಷಯ ಅಲ್ಲ.

ಇನ್ನು ಕಾಯಲೇಬಾರದ ಲಕ್ಷಣಗಳು. ಒಂದೇ ಕಾಲಿನ ಮೀನಖಂಡದಲ್ಲಿ ನೋವು, ಊತ, ಬಿಸಿ. ಇದ್ದಕ್ಕಿದ್ದಂತೆ ಉಸಿರು ಕಟ್ಟೋದು, ಉಸಿರೆಳೆದಾಗ ಎದೆ ಚುಚ್ಚೋದು, ಕೆಮ್ಮಿದಾಗ ರಕ್ತ. ಹಿಂದೆಂದೂ ಇಲ್ಲದಂಥ ತಲೆನೋವು, ದೃಷ್ಟಿ ಹೋಗೋದು, ಮಾತು ತೊದಲೋದು, ಒಂದು ಬದಿ ಶಕ್ತಿ ಹೋಗೋದು. ಕಣ್ಣು ಹಳದಿಯಾಗೋದು. ಮಾತ್ರೆ ನಿಲ್ಲಿಸಿ, ನೇರ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ, 108 ಕರೆಯಿರಿ. ಅಲ್ಲಿ ಮೊದಲ ವಾಕ್ಯವೇ ‘ನಾನು ಹಾರ್ಮೋನ್ ಮಾತ್ರೆ ತಗೊಳ್ತಿದ್ದೀನಿ’ ಅಂತ ಇರಲಿ. ಇಪ್ಪತ್ತೆರಡರ ಹುಡುಗಿ ಉಸಿರು ಕಟ್ಟುತ್ತೆ ಅಂದರೆ ‘ಗ್ಯಾಸ್ಟ್ರಿಕ್’, ‘ಟೆನ್ಷನ್’ ಅಂತ ಕಳಿಸಿಬಿಡೋ ಸಾಧ್ಯತೆ ಇದೆ, ಆ ವಾಕ್ಯ ಅವರ ಯೋಚನೆಯ ದಿಕ್ಕನ್ನೇ ಬದಲಿಸುತ್ತದೆ. ಹಬ್ಬಕ್ಕೆ ಅಂತ ಯಾರಿಗೂ ಹೇಳದೆ ತಗೊಂಡಿದ್ದರೂ ಹೇಳಿ.

ಇನ್ನೊಂದು ಗೊಂದಲ. 5 ಮಿಲಿಗ್ರಾಂ ಮಾತ್ರೆ ತಗೊಳ್ತಿದ್ದೀನಿ, ಮುಟ್ಟು ನಿಂತಿದೆ, ಆದ್ದರಿಂದ ಬಸಿರು ನಿಲ್ಲಲ್ಲ ಅಂದುಕೊಳ್ಳಬೇಡಿ. ಹತ್ತು ದಿನದ ಈ ಕೋರ್ಸ್ ಗರ್ಭನಿರೋಧಕ ಅಲ್ಲ. ಕಾಂಡೋಮ್ ಬೇಕು. ಮುಟ್ಟು ನಿಲ್ಲಿಸಿಕೊಳ್ಳಲು ಇದನ್ನು ಬಳಸುವ ಟ್ರಾನ್ಸ್ ಪುರುಷರಿಗೂ ಇದೇ ಮಾತು ಅನ್ವಯಿಸುತ್ತದೆ.

ಹಬ್ಬದ ಮಾತ್ರೆ

ಮುಟ್ಟು ಮುಂದೂಡಲು ಇದನ್ನು ತಗೊಳ್ಳೋದು ವೈದ್ಯಕೀಯವಾಗಿ ಅಪರಾಧವೇನಲ್ಲ. ಮುಟ್ಟಾಗುವ ಮೂರು ದಿನ ಮುಂಚೆ ಶುರು ಮಾಡಬೇಕು, ನಿಲ್ಲಿಸಿದ ಎರಡು ಮೂರು ದಿನಕ್ಕೆ ಮುಟ್ಟಾಗುತ್ತದೆ. ಪರೀಕ್ಷೆ, ಕ್ರೀಡಾಕೂಟ, ಚಾರಣ, ನಿಮ್ಮ ಇಷ್ಟ. ನನ್ನ ತಕರಾರು ಇರೋದು ಎರಡು ಕಡೆ. ಚಿಕಿತ್ಸೆಯ ಪ್ರಮಾಣವೂ ಇದೂ ಒಂದೇ, ಅದೇ 15 ಮಿಲಿಗ್ರಾಂ, ಆದರೆ ಬಿ.ಪಿ. ನೋಡಿದವರಿಲ್ಲ, ಮೈಗ್ರೇನ್ ಇದೆಯಾ ಅಂತ ಕೇಳಿದವರಿಲ್ಲ. ಎರಡನೆಯದು, ತೀರ್ಮಾನ ಯಾರದ್ದು ಅನ್ನೋದು. ಅತ್ತೆ ತಂದುಕೊಟ್ಟಳು ಅಂತ, ಪೂಜೆಗೆ ‘ಹೊರಗೆ’ ಕೂರಬಾರದು ಅಂತ ನುಂಗೋದಾದರೆ, ಆ ಅಪಾಯದ ಬೆಲೆ ಯಾರ ಮಡಿಗೆ? ಪಂಚಸೂತಕಗಳನ್ನು, ಅದರಲ್ಲಿ ರಜಸ್ಸೂತಕವನ್ನೂ, ಶರಣರು 12ನೇ ಶತಮಾನದಲ್ಲೇ ತಳ್ಳಿಹಾಕಿದ ನಾಡಿದು. ಇವತ್ತಿಗೂ ಗೊಲ್ಲರಹಟ್ಟಿಗಳಲ್ಲಿ ಮುಟ್ಟಾದವರನ್ನು ಊರಾಚೆ ಕೂರಿಸೋದು ನಿಂತಿಲ್ಲ, ನಗರದ ಅಪಾರ್ಟ್‌ಮೆಂಟುಗಳಲ್ಲಿ ಮಾತ್ರೆ ಅದೇ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದೆ.

ಮಾತ್ರೆ ಸಿಗದವರ ಗರ್ಭಕೋಶ

ನಗರದಲ್ಲಿ ಈ ಔಷಧಿಯ ಅತಿಬಳಕೆ ಸಮಸ್ಯೆ. ಅದೇ ಔಷಧಿ ಸರಿಯಾಗಿ ಸಿಗದಿರೋದು ಇನ್ನೊಂದು ಕಡೆಯ ಸಮಸ್ಯೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5ರ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ ಸುಮಾರು 3 ಮಂದಿಯ ಗರ್ಭಕೋಶ ತೆಗೆಯಲಾಗಿದೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಿಳಿಸೆರಗು, ಹೊಟ್ಟೆನೋವು, ಹೆಚ್ಚು ರಕ್ತ ಅಂತ ಹೋದ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಕೋಶಗಳನ್ನು ಖಾಸಗಿ ಆಸ್ಪತ್ರೆಗಳು ಅನಗತ್ಯವಾಗಿ ತೆಗೆದ ಆರೋಪ ಕೆಲ ವರ್ಷಗಳ ಹಿಂದೆ ದೊಡ್ಡ ಹೋರಾಟವಾಗಿತ್ತು. ಮಹಾರಾಷ್ಟ್ರದ ಬೀಡ್‌ನ ಕಬ್ಬು ಕಡಿಯುವ ಹೆಂಗಸರ ಕತೆ 2019ರಲ್ಲಿ ಹೊರಬಂತು. ಕೇಂದ್ರ ಸರ್ಕಾರ 2022ರಲ್ಲಿ ಮಾರ್ಗಸೂಚಿ ತಂದಿತು. ಅದನ್ನು ಜಾರಿ ಮಾಡಿ ಅಂತ 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಬೇಕಾಯಿತು.

ಆದ್ದರಿಂದ ಮನೆಯಲ್ಲಿ ಯಾರಿಗಾದರೂ ‘ಗರ್ಭಕೋಶ ತೆಗೆಸಿಬಿಡಿ, ಮಕ್ಕಳಾಯ್ತಲ್ಲ’ ಅಂತ ಹೇಳಿದರೆ ಕೇಳಬೇಕಾದ್ದಿಷ್ಟು: ಮಾತ್ರೆ ಕೊಟ್ಟು ನೋಡಿದ್ದೀರಾ, ಎಷ್ಟು ತಿಂಗಳು? ಗರ್ಭಕೋಶದೊಳಗೆ ಇಡುವ, ಮಿರೇನಾದಂಥ ಹಾರ್ಮೋನ್ ಸಾಧನ ಆಗುತ್ತಾ? ದೊಡ್ಡ ಫೈಬ್ರಾಯ್ಡ್ ಇಲ್ಲದ ವಿಪರೀತ ಮುಟ್ಟಿಗೆ ಅದನ್ನೇ ಮೊದಲ ಆಯ್ಕೆ ಅನ್ನುವ ಮಾರ್ಗಸೂಚಿಗಳಿವೆ, ವರ್ಷಗಟ್ಟಲೆ ಕೆಲಸ ಮಾಡುತ್ತದೆ. ಒಮ್ಮೆಲೇ ಕೊಡಬೇಕಾದ ದುಡ್ಡು ದೊಡ್ಡದು ಅನ್ನೋದೇ ಅದರ ತೊಡಕು. ಪರೀಕ್ಷೆಯ ವರದಿ ಕೈಗೆ ಕೊಡ್ತೀರಾ, ಇನ್ನೊಬ್ಬ ಡಾಕ್ಟರಿಗೆ ತೋರಿಸ್ತೀವಿ? ಕೆಲವರಿಗೆ ಆಪರೇಷನ್ನೇ ಸರಿಯಾದ ದಾರಿ ಆಗಿರಬಹುದು. ಆದರೆ ಅದು ಕೊನೆಯ ಪ್ರಶ್ನೆಯ ಉತ್ತರವಾಗಿರಬೇಕು.

2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ತಿಂಗಳಿಗೆ ಒಂದು ದಿನದ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಹದಿನೈದು ದಿನ ರಕ್ತ ಹೋಗುವವಳಿಗೆ ಒಂದು ದಿನದ ರಜೆಗಿಂತ ಹೆಚ್ಚಿನದು ಬೇಕು: ತಾಲೂಕು ಆಸ್ಪತ್ರೆಯಲ್ಲಿ ಸ್ಕ್ಯಾನ್, ಹಿಮೋಗ್ಲೋಬಿನ್ ಪರೀಕ್ಷೆ, ಐದು ನಿಮಿಷ ಕೂತು ಮಾತಾಡುವ ಡಾಕ್ಟರ್.

ಬಿಟ್ಟ ಮೇಲೆ

ರಕ್ತ ನಿಂತಿತು ಅಂದರೆ ಹೋದ ರಕ್ತ ವಾಪಸ್ ಬಂತು ಅಂತಲ್ಲ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ನೂರಕ್ಕೆ 48ರ ಹತ್ತಿರ ಜನಕ್ಕೆ ರಕ್ತಹೀನತೆ ಇದೆ. ಕೋರ್ಸ್ ಮುಗಿದ ಮೇಲೆ ಹಿಮೋಗ್ಲೋಬಿನ್ ನೋಡಿಸಿ. ಕಬ್ಬಿಣದ ಮಾತ್ರೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ಹಿಮೋಗ್ಲೋಬಿನ್ ಸರಿಯಾದ ಮೇಲೂ ದೇಹದ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಮುಂದುವರಿಸಲು ಹೇಳುತ್ತಾರೆ. ಕಾಫಿ, ಟೀ ಜೊತೆ ನುಂಗಬೇಡಿ, ಕಬ್ಬಿಣ ಮೈಗೆ ಹತ್ತೋದಿಲ್ಲ. ನಿಂಬೆ ಪಾನಕ ಆಗುತ್ತೆ. ನಮ್ಮ ಕಡೆ ಬೆಳಗ್ಗೆ ಎದ್ದ ತಕ್ಷಣ ಕಾಫಿ ಬಿಟ್ಟು ಬದುಕೋದು ಆಗದ ಮಾತು, ಒಂದೆರಡು ಗಂಟೆ ಅಂತರ ಇಟ್ಟುಕೊಳ್ಳಿ.

ಮುಂದಿನ ಎರಡು ಮೂರು ಮುಟ್ಟಿನ ತಾರೀಖು, ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್, ಗಡ್ಡೆ ಹೋಯಿತಾ ಅಂತ ಬರೆದಿಡಿ. ಆ್ಯಪ್ ಬೇಕಿಲ್ಲ, ಗೋಡೆಯ ಕ್ಯಾಲೆಂಡರ್ ಸಾಕು. ಪ್ರತಿ ಸಲ ಮಾತ್ರೆ ನಿಂತ ಕೂಡಲೇ ಹಳೇ ಸ್ಥಿತಿಗೇ ಮರಳುತ್ತಿದ್ದರೆ, ಅದೇ ಹಳೇ ಚೀಟಿ ತೋರಿಸಿ ಮತ್ತೊಂದು ಪಟ್ಟಿ ತರೋದಲ್ಲ. ಆ ಲೆಕ್ಕ, ಖಾಲಿ ಪಟ್ಟಿ, ಸ್ಕ್ಯಾನ್ ವರದಿ ಮೂರನ್ನೂ ಹಿಡಿದುಕೊಂಡು ಹೋಗಿ, ಕಾರಣ ಹುಡುಕಿ ಅಂತ ಕೇಳಿ.